ಬಾಂಗಿನ ಹೊತ್ತಿನ ಮಹಾಂತಣ್ಣ

ಜತ್ತದ ಮಸೀದಿ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮಹಾಂತಣ್ಣನಂಥ ಮರ್ಯಾದಸ್ಥ ಇನ್ನೊಬ್ಬ ಸಿಗಲಿಕ್ಕಿಲ್ಲ. ಬಾಂಗು ಕೇಳಿಸಿತೆಂದರೆ ಟೇಪರೆಕಾರ್ಡರ್ ಬಂದ್, ಫ್ಯಾನ್ ಬಂದ್, ಫೋಟೋಕ್ಕೆ ಕುಳಿತ ಮದುಮಕ್ಕಳಿಗೂ "ಒಂದೀಟ ನಗಬ್ಯಾಡ್ರಿ, ಬಾಂಗ್ ಆಗಾಕತ್ತೇತಿ" ಎಂಬ ತಾಕೀತು. ಮೊನ್ನೆ ಅವನ ಎರಡೂ ಕಂಪ್ಯೂಟರುಗಳಿಗೆ ಜೋಡಿಸಿದ್ದ, ತಾಲೂಕಿನ ಮದುವೆ ಫೋಟೋಗಳೆಲ್ಲ ತುಂಬಿದ್ದ ಸ್ಟೋರೇಜ್ ಡಬ್ಬಿ ಕೆಟ್ಟಿತು. ರಿಪೇರಿಯ ಫಿರೋಜ ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಲು ಹಚ್ಚಿ ದಿನಾ ಬಾಂಗಾದೊಡನೆ ನಮಾಜಿಗೆ ಹೋಗುವನು. ಬಂದು ನೋಡಿದರೆ ಕೆಲಸ ಅರ್ಧಕ್ಕೇ ನಿಂತಿರುವುದು. ಕೇಬಲ್ ಬದಲಿಸಿದ, ಸಿಡಿ ಬದಲಿಸಿದ. "ಹಿಂಗ ಆಗ್ಕೋತ ಹೋದ್ರ ಫೋಟೋ ಒಂದೂ ಉಳಿಯಂಗಿಲ್ರಿ ಕಾಕಾ" ಎಂದು ಬೆವತ. ಇಂದು ಮರೆತ ಟೋಪಿಗೆಂದು ತಿರುಗಿ ಬಂದವನು ಬಾಗಿಲಲ್ಲೇ ಕಲ್ಲಾದ. ಫೋಟೋಕ್ಕೆಂದು ಬಂದು ಅವನ ಪಕ್ಕದಲ್ಲಿದ್ದ ನಾನೂ ಕಂಡೆ: ಮಹಾಂತಣ್ಣ ಚಪ್ಪಲಿ ಬಿಟ್ಟು, ಭಕ್ತಿಯಿಂದ ಡಬ್ಬಿಯ ಸ್ವಿಚ್ ಆರಿಸುತ್ತಿದ್ದ. "ನೀ ಅಲ್ಲಿ ನಮಾಜಿಗೆ ನಿಂತಾಗ ಇದು ಇಲ್ಲಿ ಗುರ್ ಅಂತ ಒದರೂದು ಚಲೋ ಅಲ್ಲಪಾ. ದಿನಾ ಆರಿಸಿ, ನೀ ಬರೂದರಾಗ ಮತ್ತ ಹಚ್ಚಿರ್ತೀನಿ." ಬಯ್ಯಲು ಬಾಯಿ ತೆರೆದ ಫಿರೋಜ, ಬಯ್ಯದೆ ಟೋಪಿ ಹಾಕಿಕೊಂಡ. ಕೊನೆಗೆ ಡಬ್ಬಿಯನ್ನು ಮತ್ತೆ ಹಚ್ಚಿ, ಅದರ ಸ್ವಿಚ್ಚಿನ ಪಕ್ಕದಲ್ಲೇ ಚಾದರ ಹಾಸಿದ. "ಇವತ್ತ ನಮಾಜ ಇಲ್ಲೇ ಓದ್ತೀನ್ರಿ ಕಾಕಾ. ಇದು ಗುರ್ ಅನ್ಲಿ. ಇದರ ಸಪ್ಪಳ ಕೇಳಿದ್ರನ ನನ್ನ ಜೀವಕ್ಕ ಸಮಾಧಾನ." ಮಹಾಂತಣ್ಣ ಫ್ಯಾನನ್ನಾದರೂ ಆರಿಸಿ, ಉಸಿರು ಬಿಗಿಹಿಡಿದು ನಿಂತ.