ಎರಡು ಸಲ ಗುಣಿಸುವ ವೇಗ

ಅವಳ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಕಾರ್ಖಾನೆಯವರ ಬಾಯಲ್ಲಿ ಅವಳು ತೂಕದಕ್ಕ. ದೊಡ್ಡ ರೈಫಲ್ಲಿನ ಗುಂಡುಗಳನ್ನು ತೋಟಾಕ್ಕೆ ಕೂರಿಸುವ ಮುನ್ನ ಒಂದೊಂದಾಗಿ ತೂಗುವುದು ಅವಳ ಕೆಲಸ. ಬೆರಳುದ್ದದ ಗುಂಡು, ನಲವತ್ತೆರಡು ಗ್ರಾಂ. ಉಸಿರು ತಾಗಿದರೂ ಮುಳ್ಳು ಅಲುಗೀತೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಪ್ಪತ್ತೆರಡು ವರ್ಷ ಗಾಜಿನ ತಕ್ಕಡಿಯ ಮುಂದೆ ಕೂತಿದ್ದಳು. ಗುಂಡು ಹಾರಿಸುವ ಶೆಡ್ಡು ಅಂಗಳದ ಆ ತುದಿಯಲ್ಲಿತ್ತು. ಅದರ ಅದುರು ತಕ್ಕಡಿಗೆ ತಾಗಬಾರದಲ್ಲ! ಹಾಗಾಗಿ ತಾನು ತೂಗಿದ್ದು ಹಾರುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಒಂದು ಸೋಮವಾರ ಇಂಜಿನಿಯರ್ ಅವಳನ್ನು ಕರೆಸಿದ. ಮೀಸೆ ಈಗಷ್ಟೇ ದಟ್ಟವಾದ, ಮಾತಿನಲ್ಲಿ ಮರ್ಯಾದೆ ಬಿಡದ ಹುಡುಗ.

"ಅಕ್ಕ, ಈ ಸಲದ ಇಪ್ಪತ್ತು ಗುಂಡೂ ಶಕ್ತಿಯಲ್ಲಿ ಸೋತಿವೆ. ನಳಿಗೆ ಬಾಯಿ ದಾಟುವಾಗ ಹದಿನೇಳು ಸಾವಿರ ಜೂಲ್ ಇರಬೇಕು. ಹದಿನಾರೇ ಬಂದಿದೆ. ಮದ್ದು ಸರಿಯಿದೆ, ಅಳೆಯೋ ಯಂತ್ರ ಹೊಸದು. ಉಳಿದಿದ್ದು ತೂಕ."

"ನನ್ನ ತೂಕವಾ ಸಾರ್?"

"ಆ ಗುಂಡುಗಳು ಮರಳಲ್ಲಿ ಪುಡಿಯಾಗಿವೆ, ಉಳಿದವು ತೋಟಾದಲ್ಲಿ ಬಿಗಿದು ಕೂತಿವೆ, ಮತ್ತೆ ತೂಗೋ ಹಾಗಿಲ್ಲ. ಬುಧವಾರದಿಂದ ನಿಮ್ಮನ್ನ ಪ್ಯಾಕಿಂಗ್‌ಗೆ ಹಾಕ್ತಾರಂತೆ. ನನಗೂ ಬೇಜಾರೇ."

ಪ್ಯಾಕಿಂಗ್ ಎಂದರೆ ದಿನವಿಡೀ ಮರದ ಪೆಟ್ಟಿಗೆ ಎತ್ತುವುದು. ಅವಳ ಸೊಂಟ ಮೊದಲೇ ಕೈಕೊಟ್ಟಿತ್ತು. ಆದರೆ ಸೊಂಟಕ್ಕಿಂತ ಹೆಚ್ಚು ನೊಂದದ್ದು, ತೂಕ ತಪ್ಪಿದವಳು ಎಂಬ ಮಾತಿಗೆ.

"ಹದಿನೇಳು ಸಾವಿರ ಅಂದ್ರೆ ಎಷ್ಟು ಸಾರ್?" ಎಂದಳು.

ಅವನು ಕಿಟಕಿಯಾಚೆ ನಿಂತಿದ್ದ ಕಾರನ್ನು ತೋರಿಸಿದ. "ಅಂಥ ಒಂದು ಟನ್ ಕಾರನ್ನ ಆಳೆತ್ತರಕ್ಕೆ ಎತ್ತೋವಷ್ಟು."

ತೂಕದಕ್ಕ ತನ್ನ ಅಂಗೈ ನೋಡಿಕೊಂಡಳು. ಆ ಕೈಯಲ್ಲಿ ಅವಳು ದಿನಕ್ಕೆ ಐನೂರು ಗುಂಡು ಹಿಡಿಯುತ್ತಿದ್ದಳು.

"ಅದೆಲ್ಲಾ ಈ ನಲವತ್ತೆರಡು ಗ್ರಾಂನಲ್ಲಿ ಇದೆಯಾ?"

"ಗ್ರಾಂನಲ್ಲಿ ಅಲ್ಲ ಅಕ್ಕ, ಓಟದಲ್ಲಿ. ಸೆಕೆಂಡಿಗೆ ಒಂಬೈನೂರು ಮೀಟರ್. ತೂಕದ ಅರ್ಧವನ್ನ ವೇಗದಿಂದ ಗುಣಿಸಿ, ಅದನ್ನ ಮತ್ತೊಮ್ಮೆ ವೇಗದಿಂದಲೇ ಗುಣಿಸಬೇಕು."

"ಎರಡು ಸಲ ಯಾಕೆ?"

ಉತ್ತರ ಕೊಟ್ಟವನು ಬಾಗಿಲಲ್ಲಿ ನಿಂತಿದ್ದ ಗುಂಡು ಹಾರಿಸುವ ಮುದುಕ. "ಹಲಗೆ ಸಾಲು ನಿಲ್ಲಿಸಿ ನೋಡಿದೀನಿ ತಂಗಿ. ಮದ್ದು ಕಡಿಮೆ ಮಾಡಿ ವೇಗ ಅರ್ಧಕ್ಕೆ ಇಳಿಸಿದಾಗ ಎರಡು ಹಲಗೆ ತೂರಿತ್ತು. ಪೂರ್ತಿ ಬಿಟ್ಟರೆ ನಾಲ್ಕಲ್ಲ, ಎಂಟು! ಅವತ್ತು ನನ್ನ ಬಾಯಿ ತೆರೆದಿದ್ದು, ನನ್ನ ಹೆಂಡತಿ ಬಂದು ಮುಚ್ಚಬೇಕಾಯ್ತು."

ಮನೆಗೆ ಬಂದವಳು ಒಲೆ ಹಚ್ಚದೆ, ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯತೊಡಗಿದಳು.

"ಸಕ್ಕರೆ ತೂಗೋ ಹಾಗೆ ತೂಗೋ ಕೆಲಸಕ್ಕೆ ಇಷ್ಟು ಓದಾ?" ಎಂದರು ಅತ್ತೆ. "ಹೊಟ್ಟೆ ಚುರುಗುಟ್ತಿದೆ."

"ಒಂದ್ನಿಮಿಷ ಅತ್ತೆ, ಸಾವಿರ ಕಳೆದುಹೋಗಿದೆ."

ತೂಕದಿಂದಲೇ ಸಾವಿರ ಕಡಿಮೆಯಾಗಬೇಕಾದರೆ ಪ್ರತಿ ಗುಂಡೂ ಎರಡೂವರೆ ಗ್ರಾಂ ಹಗುರವಿರಬೇಕು. ಅಷ್ಟು ವ್ಯತ್ಯಾಸ ತಕ್ಕಡಿಯಿಲ್ಲದೆ ಅವಳ ಬೆರಳಿಗೇ ತಿಳಿಯುತ್ತಿತ್ತು. ವೇಗದಿಂದ ಕಡಿಮೆಯಾಗಿದ್ದರೆ? ಒಂಬೈನೂರು ಮೀಟರಿನಲ್ಲಿ ಬರೀ ಇಪ್ಪತ್ತೇಳು ತಗ್ಗಿದರೆ ಸಾಕು. ಎರಡು ಸಲ ಗುಣಿಸುವುದರಿಂದ ಸಣ್ಣ ತಪ್ಪೂ ಇಮ್ಮಡಿಯಾಗಿ ಕಾಣುತ್ತದೆ. ಅವಳು ಆ ಇಪ್ಪತ್ತೇಳರ ಸುತ್ತ ಗೆರೆ ಎಳೆದಳು. ಇಪ್ಪತ್ತೆರಡು ವರ್ಷ ತೂಕವೇ ದೇವರು ಎಂದುಕೊಂಡಿದ್ದಳಲ್ಲ!

ಮರುದಿನ ಬೆಳಿಗ್ಗೆ ಇಂಜಿನಿಯರನ ಮೇಜಿನೆದುರು ನಿಂತಳು.

"ವೇಗ ಹೇಗೆ ಅಳೀತೀರಿ ಸಾರ್?"

"ಎರಡು ಬೆಳಕಿನ ಚೌಕಟ್ಟು, ನಡುವೆ ಎರಡು ಮೀಟರ್. ಒಂದರಿಂದ ಇನ್ನೊಂದಕ್ಕೆ ಗುಂಡು ಎಷ್ಟು ಹೊತ್ತಲ್ಲಿ ಹೋಯ್ತು ಅಂತ ಯಂತ್ರ ನೋಡತ್ತೆ."

"ಎರಡು ಮೀಟರ್ ಅಂತ ಯಂತ್ರಕ್ಕೆ ಯಾರು ಹೇಳಿದ್ದು?"

"ನಾವೇ. ಚೌಕಟ್ಟು ನೆಲಕ್ಕೆ ಬೋಲ್ಟ್ ಆಗಿದೆ ಅಕ್ಕ, ಎಲ್ಲಿಗೆ ಓಡಿಹೋಗತ್ತೆ?" ಎಂದು ಇಂಜಿನಿಯರ್ ನಕ್ಕ.

ಬಾಗಿಲ ಬಳಿ ನಿಂತಿದ್ದ ಮುದುಕ ಮಾತ್ರ ನಗಲಿಲ್ಲ. ತಲೆ ಕೆರೆದುಕೊಂಡ. "ಹೋದ ವಾರ ನೆಲಕ್ಕೆ ಬಣ್ಣ ಹೊಡೆಯುವಾಗ ಬಿಚ್ಚಿದ್ವಿ. ಅಲ್ಲಿ ಹಳೇ ಯಂತ್ರದ ಬೋಲ್ಟ್ ತೂತುಗಳೂ ಇವೆ. ಗುರುತೆಲ್ಲ ಬಣ್ಣದಡಿ ಹೋಗಿತ್ತು. ಯಾವುದಕ್ಕೆ ಕೂತಿತೋ ಆ ತೂತಿಗೆ ಬಿಗಿದುಬಿಟ್ಟೆ ಸಾರ್."

ಅಳತೆ ಪಟ್ಟಿ ಹಿಡಿದು ನೋಡಿದರು. ಎರಡು ಮೀಟರಿನ ಮೇಲೆ ಆರು ಸೆಂಟಿಮೀಟರ್ ಇತ್ತು. ಗುಂಡು ಹೆಚ್ಚು ದಾರಿ ಓಡಿ ಹೆಚ್ಚು ಹೊತ್ತು ತೆಗೆದುಕೊಂಡಿತ್ತು. ಯಂತ್ರ ಅದನ್ನು ನಿಧಾನ ಎಂದು ಬರೆದಿತ್ತು.

ಚೌಕಟ್ಟನ್ನು ಸರಿಯಾದ ತೂತಿಗೆ ಬಿಗಿದರು. ಅದೇ ರಾಶಿಯಿಂದ ಹೊಸದಾಗಿ ಇಪ್ಪತ್ತು ತೋಟಾ ತೆಗೆದರು. "ನೀವೂ ಬನ್ನಿ" ಎಂದು ಇಂಜಿನಿಯರ್ ಕಿವಿಗವಸು ಕೊಟ್ಟು, ದಪ್ಪ ಗಾಜಿನ ಹಿಂದೆ ಅವಳನ್ನು ನಿಲ್ಲಿಸಿದ.

ಮುದುಕ ಟ್ರಿಗರಿಗೆ ಕಟ್ಟಿದ ಹಗ್ಗ ಎಳೆದ. ಅವಳಿಗೆ ಮೊದಲು ಕೇಳಿಸಿದ್ದು ಸದ್ದಲ್ಲ. ಯಾರೋ ಎದೆಗೂಡನ್ನು ಒಳಗಿನಿಂದ ತಟ್ಟಿದಂತಾಯಿತು. ನಳಿಗೆಯ ಬಾಯಲ್ಲಿ ಬೆಂಕಿ ಅರಳಿ ಮುಚ್ಚಿತು. ಮರಳು ಆಗಲೇ ಗೋಡೆಯೆತ್ತರ ಹಾರಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗುಂಡು ಮಾತ್ರ ಎಲ್ಲೂ ಕಾಣಲಿಲ್ಲ.

ಫಲಕದಲ್ಲಿ ಹದಿನೇಳು ಸಾವಿರದ ಮೂವತ್ತು.

ಇಪ್ಪತ್ತೂ ಪಾಸಾದವು. ಇಂಜಿನಿಯರ್ ಮೇಲಿನವರಿಗೆ ಫೋನ್ ಹಚ್ಚಿದ. "ತೂಕ ಸರಿಯಿತ್ತು ಸಾರ್. ತಪ್ಪು ನಮ್ಮ ಶೆಡ್ಡಿನದ್ದು. ಪ್ಯಾಕಿಂಗ್ ಆರ್ಡರ್ ವಾಪಸ್ ತಗೊಳ್ಳಿ."

ಮುದುಕ ಅವಳ ಬಳಿ ಬಂದ. "ನನ್ನನ್ನ ಬೈಯಮ್ಮ, ಒಂದೆರಡಾದ್ರೂ ಬೈಯಿ."

ಅವಳ ಕಣ್ಣು ಮರಳಿನ ದಿಬ್ಬದ ಮೇಲೇ ಇತ್ತು.

"ಅಣ್ಣ, ಇಷ್ಟು ದಿನ ನಾನು ಅವನ್ನ ತೂಗಿ ಬಟ್ಟಲಿಗೆ ಟಣ್ ಟಣ್ ಅಂತ ಎಸೀತಿದ್ದೆ."

ತಕ್ಕಡಿ ಕೋಣೆಗೆ ಹಿಂತಿರುಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಮುಂದಿನ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ, ನಿದ್ದೆ ಹೋದ ಮಗುವನ್ನು ಮಲಗಿಸುವಂತೆ ತಟ್ಟೆಯ ಮೇಲಿಟ್ಟಳು.