ಒದ್ದೆ ಬೆರಳು

ಸಾಯಲೆಂದೇ ಜನ ಬರುವ ಕಾಶಿಯಲ್ಲಿ ನೀಲಮ್ಮ ತಾನು ಬದುಕಿದ್ದೇನೆಂದು ತೋರಿಸಿಕೊಡಬೇಕಿತ್ತು. ಅದೂ ತಿಂಗಳ ಕೊನೆಯ ದಿನವಾದ ಇವತ್ತೇ. ನವೆಂಬರ್ ಮುಗಿಯುವುದರೊಳಗೆ ಹೆಬ್ಬೆರಳ ಗುರುತು ಬೀಳದಿದ್ದರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ನಿಂತರೆ ಮಠದ ಹಿಂದಿನ ಕೋಣೆಯಿಲ್ಲ. ಮತ್ತೆ ಅಣ್ಣನ ಮನೆಯ ಮೂಲೆಯೇ ಗತಿ.

ಸೆರಗಿಗೆ ಬೆರಳೊರೆಸಿ ಬೆರಳಚ್ಚು ಯಂತ್ರದ ಗಾಜಿನ ಮೇಲಿಟ್ಟಳು. ಕೆಂಪು ದೀಪ.

"ಮಶೀನು ಬೆರಳು ಪಕಡ್ತಾ ಇಲ್ಲ, ಹಿಡೀತಿಲ್ಲ ಅಜ್ಜೀ," ಎಂದ ಸುನಿಲ. ಮಠದ ಅರ್ಚಕರ ಮಗ, ಸೋನಾರ್‌ಪುರಾ ಬಡಾವಣೆಯಲ್ಲಿ ಈ ಸೇವಾ ಕೇಂದ್ರ ಇಟ್ಟುಕೊಂಡವನು. "ಗೆರೆಯೆಲ್ಲ ಸವೆದಿದೆ. ಏನು ಕೆಲಸದಲ್ಲಿದ್ರಿ?"

"ನೋಟು ಅಚ್ಚು ಹಾಕೋ ಕಡೆ, ಹಾಳೆ ಪರೀಕ್ಷೆಗೆ."

"ಅರೇ, ಒಂದು ಗಡ್ಡಿ, ಒಂದು ಕಟ್ಟು ತರೋದಲ್ವಾ!"

"ಒಳಗೆ ಜೇಬಿರೋ ಬಟ್ಟೇನೇ ಬಿಡ್ತಿರಲಿಲ್ಲ ಕಣಪ್ಪ."

ಹತ್ತಿಯ ನಾರಿನ ಕಾಗದ. ಬೆಳಕಿಗೆ ಹಿಡಿದರೆ ಕಾಣುವ ಮುಖವೂ ಹೊಳೆಯುವ ದಾರವೂ ಅದರ ಒಡಲಲ್ಲೇ ಕೂತು ಬರುತ್ತಿದ್ದವು. ಎರಡೂ ಬದಿಗೆ ತೆಳುಬಣ್ಣ ಅಂಟಿ ಒಣಗಿದ ಮೇಲೆ, ಕೊರೆದ ತಗಡು ಬಲವಾಗಿ ಅದುಮಿ ದಪ್ಪ ಮಸಿಯನ್ನು ಉಬ್ಬಾಗಿ ಮೂಡಿಸುತ್ತಿತ್ತು. ಸಂಖ್ಯೆ ಬಿದ್ದು ನೋಟಾಗಿ ಕತ್ತರಿಸುವ ಮುನ್ನ ಆ ಅಗಲ ಹಾಳೆಗಳು ನೀಲಮ್ಮನ ಮೇಜಿಗೆ ಬರುತ್ತಿದ್ದವು. ಮೂಲೆ ಹಿಡಿದು ಸರಸರನೆ ಮಗುಚಬೇಕು. ಕಣ್ಣು ಕಲೆ ಹುಡುಕುವಾಗ ಹೆಬ್ಬೆರಳು ಉಬ್ಬನ್ನು ಸವರುತ್ತಿತ್ತು. ಬೆವರಿನ ಗುರುತು ಬಿತ್ತೋ, ಹಾಳೆ ರದ್ದು. ಹಾಗಾಗಿ ಏನನ್ನೇ ಮುಟ್ಟುವ ಮುಂಚೆಯೂ ಅವಳ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು.

ಈಗಲೂ ಹೋಯಿತು. ಕೆಂಪು. ಮತ್ತೆ ಒರೆಸಿದಳು. ಕೆಂಪು.

"ಇನ್ನೊಮ್ಮೆ ಫೇಲಾದ್ರೆ ಇವತ್ತಿಗೆ ಬಂದ್," ಎಂದ ಸುನಿಲ. ಅವನ ದನಿಯಲ್ಲಿ ನಗೆಯಿರಲಿಲ್ಲ.

ಹೊರಗೆ ಇ-ರಿಕ್ಷಾಗಳು ಕಿರುಚುತ್ತಿದ್ದವು.  ನೀಲಮ್ಮನ ಕೈ ಮತ್ತೆ ಸೆರಗು ಹುಡುಕಿತು.

ಬೆಂಚಿನ ಮೇಲೆ ಗಂಗಾಜಲದ ತಂಬಿಗೆ ಹಿಡಿದು ಕೂತಿದ್ದ ಪಕ್ಕದ ಕೋಣೆಯ ಕಮಲಾದೇವಿ ಗದರಿದಳು: "ಎಷ್ಟು ಒರೆಸ್ತೀಯೇ? ಬೆರಳು ಒಣಗಿ ಹಪ್ಪಳ ಆಗಿದೆ!"

"ಹಾಂ, ಸ್ವಲ್ಪ ಗೀಲಾ ಇರಬೇಕು," ಎಂದ ಸುನಿಲ. "ತೇವ ಇದ್ರೇನೇ ಹಿಡಿಯೋದು."

"ಒದ್ದೆ ಕೈಲಿ ಮುಟ್ಟೋದಾ ಕಮಲಕ್ಕ?"

"ಮುಟ್ಟು. ಇದೇನು ನಿನ್ನ ನೋಟಲ್ಲ."

ತಂಬಿಗೆಯಿಂದ ಹೆಬ್ಬೆರಳ ಮೇಲೆ ತುಸು ನೀರು ಬಿತ್ತು. ಕಮಲಾದೇವಿ ನೀಲಮ್ಮನ ಸೆರಗನ್ನು ತನ್ನ ಮುಷ್ಟಿಯಲ್ಲಿ ಬಿಗಿಹಿಡಿದಳು. ನೀಲಮ್ಮನ ತೋಳು ತಾನಾಗಿ ಸೆರಗಿನತ್ತ ಎಳೆಯಿತು. ಹಾಳೆ ಕೆಟ್ಟಿತು, ಕೆಟ್ಟಿತು ಎಂದಿತು ಮನಸ್ಸು. ನೀಲಮ್ಮ ಕಣ್ಮುಚ್ಚಿ ಬೆರಳೊತ್ತಿದಳು.

ಸುನಿಲ ಪರದೆಯತ್ತ ಬಾಗಿದ.

"ಹಸಿರು!" ಎಂದು ಕೂಗಿದ ಸುನಿಲ. "ಅಜ್ಜಿ ಜಿಂದಾ!"

"ನಿನ್ನ ಮಶೀನಿಗಿಂತ ಮೊದಲೇ ಗೊತ್ತಿತ್ತು ಬಿಡೋ," ಎಂದು ಕಮಲಾದೇವಿ ಸೆರಗು ಬಿಟ್ಟಳು.

ಗಾಜಿನ ಮೇಲೆ ಹೆಬ್ಬೆರಳ ಒದ್ದೆ ಗುರುತು ಉಳಿದಿತ್ತು. ಒರೆಸಲು ನೀಲಮ್ಮನ ಕೈ ಮುಂದಾಗಿ ಅರ್ಧಕ್ಕೇ ನಿಂತಿತು. ಹಾಗೇ ಬಿಟ್ಟು ಎದ್ದಳು.