ಕಡಸು ಕಲಿಸಿದ ಬ್ರೇಕು

ಗುಂಡ್ಯದಲ್ಲಿ ಚಹಾಕ್ಕೆ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಚಹಾದ ಪರಿಮಳವಲ್ಲ, ಘಾಟಿ ಇಳಿದು ಬಂದ ಲಾರಿಗಳ ಸುಟ್ಟ ಬ್ರೇಕಿನ ವಾಸನೆ. ಮೊನ್ನೆ ಅದರಲ್ಲಿ ನಮ್ಮ ಕಾರಿನ ಪಾಲೂ ಇತ್ತು. ಓಡಿಸುತ್ತಿದ್ದವಳು ಮೊಮ್ಮಗಳು, ಪಕ್ಕದಲ್ಲಿ ಕೂತು ಘಾಟಿಯುದ್ದಕ್ಕೂ "ಬ್ರೇಕ್, ಬ್ರೇಕ್" ಎಂದು ಬೊಬ್ಬೆ ಹಾಕಿದವನು ನಾನು. ಅವಳು ನನಗೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದಳು. ನನಗೆ ಬಾಬಣ್ಣನ ನೆನಪಾಯಿತು.

ಎಂಬತ್ತರ ದಶಕದ ಮಾತು. ಪುತ್ತೂರಿನ ಹತ್ತಿರ ಕೊಯ್ಲು ಮುಗಿದ ಬಯಲಲ್ಲಿ ಜೀಪಿನ ರೇಸು ನಡೆಯುತ್ತಿತ್ತು. ಟ್ರ್ಯಾಕ್ ಎಂದರೆ ಸುಣ್ಣದ ಗೆರೆ ಎಳೆದ ಮಣ್ಣು, ಅಷ್ಟೇ. ಮೊದಲ ವರ್ಷ ನಾನು ತಿರುವಿನ ನಡುವೆ ಬ್ರೇಕ್ ಮೆಟ್ಟಿ, ಚಿಕ್ಕಪ್ಪನ ಜೀಪನ್ನು ಬೈಹುಲ್ಲಿನ ರಾಶಿಗೆ ನುಗ್ಗಿಸಿ, ಸೀನುತ್ತ ಹೊರಬಂದೆ. ಚಿಕ್ಕಪ್ಪ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬಾಬಣ್ಣ ಆಗಬಹುದು ಅಂತ ಹೇಳಿದ್ರೆ ಮಾತ್ರ ಇನ್ನು ರೇಸಿಗೆ ಜೀಪು."

ಬಾಬಣ್ಣ ಕಡಬದ ಸರ್ವಿಸ್ ಜೀಪಿನ ಡ್ರೈವರು. ಹೇರಿದಷ್ಟು ಜನ ಇದ್ದರೂ ಯಾರ ಬಾಯಿಯ ಎಲೆಯಡಿಕೆಯೂ ಜಾರದಂತೆ ನಿಲ್ಲಿಸುವವನು. ಆ ವಾರ ಕೊಯಿಲದ ಜಾನುವಾರು ಫಾರ್ಮಿನಿಂದ ಚಿಕ್ಕಪ್ಪನಿಗೆ ಒಂದು ಕಡಸು, ಇನ್ನೂ ಕರು ಹಾಕದ ಎಳೆ ದನ, ತರುವುದಿತ್ತು. ಬಾಬಣ್ಣ ಅದನ್ನು ಜೀಪಿನ ಹಿಂಭಾಗದಲ್ಲಿ ಕಟ್ಟಿ ನಿಲ್ಲಿಸಿ, ನನ್ನನ್ನು ಸ್ಟಿಯರಿಂಗಿಗೆ ಕೂರಿಸಿದ. ನಾನು ಬ್ರೇಕ್ ಮೆಟ್ಟಿದಾಗಲೆಲ್ಲ ಆ ಪ್ರಾಣಿ ಮುಗ್ಗರಿಸಿ, ಒದ್ದೆ ಮೂತಿಯನ್ನು ನನ್ನ ಕುತ್ತಿಗೆಗೆ ಒರೆಸುತ್ತಿತ್ತು.

"ತಿರುವಿನಲ್ಲಿ ಅಲ್ಲ ಮಾರಾಯ, ಅದಕ್ಕಿಂತ ಮೊದಲೇ ಮೆಟ್ಟು. ಮೆಲ್ಲ ಒತ್ತು, ಮೆಲ್ಲ ಬಿಡು. ಮೆಟ್ಟುದು ಎಲ್ಲರಿಗೂ ಬರ್ತದೆ, ಬಿಡುದು ಕಲಿಬೇಕು."

ಕಡಸು ಮನೆಗೆ ಬಂದ ಮೇಲೂ ಪಾಠ ನಿಲ್ಲಲಿಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಅದಕ್ಕೆ ಜೀಪು ಸವಾರಿ. ಅದು ಮೇಯಲು ನಡೆದು ಹೋಗುವುದನ್ನೇ ಬಿಟ್ಟು ಜೀಪಿನ ಹತ್ತಿರ ಕಾಯತೊಡಗಿತು. "ಇನ್ನು ಇದಕ್ಕೂ ಒಂದು ಲೈಸೆನ್ಸ್ ಮಾಡಿಸಿ" ಎಂದರು ಚಿಕ್ಕಮ್ಮ. ಕೊನೆಗೊಂದು ದಿನ ಸುತ್ತು ಮುಗಿದಾಗ ನನ್ನ ಕುತ್ತಿಗೆ ಒಣಗಿಯೇ ಇತ್ತು. ಬಾಬಣ್ಣ ಚಿಕ್ಕಪ್ಪನ ಕಡೆ ನೋಡಿ ತಲೆಯಾಡಿಸಿದ.

ಮರುವರ್ಷದ ರೇಸಿನಲ್ಲಿ ಗೆದ್ದೆನೆಂದು ನೀವು ಎಣಿಸಿದ್ದರೆ ಅದು ನಿಮ್ಮ ದೊಡ್ಡ ಮನಸ್ಸು. ಮೂರನೆಯವನಾದೆ. ಓಡಿದ್ದು ನಾಲ್ಕು ಜೀಪು, ನಾಲ್ಕನೆಯದು ಬೈಹುಲ್ಲಿನೊಳಗಿತ್ತು. ಬಾಬಣ್ಣ ಹತ್ತಿರ ಬಂದು, "ಕಡಸು ಬೀಳ್ತಿರ್ಲಿಲ್ಲ" ಎಂದ. ಅಂಥ ಸಂತೋಷ ನನಗೆ ಮತ್ತೆ ಯಾವ ಬಹುಮಾನದಿಂದಲೂ ಆಗಿಲ್ಲ.

ಆ ತಿಂಗಳಿಡೀ ಅವನು ಒಮ್ಮೆಯೂ ಬೊಬ್ಬೆ ಹಾಕಿರಲಿಲ್ಲ. ಗುಂಡ್ಯದಲ್ಲಿ ಅದು ನೆನಪಾಗಿ ನಾಚಿಕೆಯಾಯಿತು. ಚಹಾ ಮುಗಿಸಿ, ಅವನ ಮಾತನ್ನು ಮೊಮ್ಮಗಳಿಗೆ ಒಮ್ಮೆ ಹೇಳಿ, ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿ ಕೂತೆ. ಮೊದಮೊದಲು ಪ್ರತಿ ತಿರುವಿಗೂ ಮುಂದಕ್ಕೆ ವಾಲಿದೆ. ಕಡಬದಲ್ಲಿ ಕಾರು ನಿಂತದ್ದೇ ತಿಳಿಯಲಿಲ್ಲ.

"ಕಡಸು ಬೀಳಲಿಲ್ಲ" ಎಂದೆ.

"ಯಾವ ಕಡಸು ಅಜ್ಜ?"

"ಹಿಂದೆ ಕೂತದ್ದು."